ಕತ್ತರಿಸದೆ ಕಟ್ಟಿದ ಗಣಿ

ಕೋಲಾರದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನಾಗಿರುವ ನಾನು, ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಕೆಟ್ಟ ಕಂಪ್ಯೂಟರುಗಳ ಭಾಗಗಳಿಂದ ಕೆಜಿಎಫ್ ಗಣಿಯ ಉಬ್ಬುಚಿತ್ರ ಮಾಡಲು ಹೊರಟಾಗ, ಮೊದಲ ದಿನವೇ ತಪ್ಪು ಮಾಡಿದೆ. ಮದರ್‌ಬೋರ್ಡನ್ನು ಬೇಕಾದ ಆಕಾರಕ್ಕೆ ತರಲು ಗರಗಸ ಹಿಡಿದೆ. ಸ್ವಲ್ಪ ಹೊತ್ತಿನಲ್ಲೇ ಮೇಜಿನ ತುಂಬ ಪುಡಿ ಹರಡಿ ಕೈ ತುರಿಸತೊಡಗಿತು. ಆ ಹಸಿರು ಹಲಗೆ ಗಾಜಿನ ನೂಲನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಒತ್ತಿ ಮಾಡಿದ್ದು, ಅದರ ಪುಡಿ ಉಸಿರಿನೊಳಗೆ ಹೋಗಬಾರದು ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಪುಣ್ಯಕ್ಕೆ ಮಕ್ಕಳು ಇನ್ನೂ ಬಂದಿರಲಿಲ್ಲ.

ಅಂದಿನಿಂದ ಕತ್ತರಿಸುವುದಿಲ್ಲ, ಸುಡುವುದಿಲ್ಲ, ಸ್ಕ್ರೂ ಬಿಚ್ಚಿ ತೆಗೆದದ್ದನ್ನಷ್ಟೇ ಬಳಸುವುದು ಎಂದು ನಿಶ್ಚಯಿಸಿದೆವು. ಆಕಾರವನ್ನು ನಾವು ಕೊಡುವಂತಿಲ್ಲವಾದ್ದರಿಂದ ಮಕ್ಕಳು ಪ್ರತಿಯೊಂದು ಭಾಗವನ್ನೂ ತಿರುಗಿಸಿ ಮುರುಗಿಸಿ ನೋಡುವುದು ಅನಿವಾರ್ಯವಾಯಿತು. ಹಾರ್ಡ್ ಡಿಸ್ಕಿನೊಳಗಿನ ತಟ್ಟೆ, ಗಣಿಗೆ ಇಳಿಯುವ ಬಾವಿಯಂಥ ಶಾಫ್ಟಿನ ಮೇಲಿನ ಗೋಪುರದ ಗಾಲಿಯಾಯಿತು, ಚಪ್ಪಟೆ ಕೇಬಲ್‌ಗಳು ಬಂಡೆಯ ಪದರಗಳಾದವು, ಕೀಬೋರ್ಡಿನ ಗುಂಡಿಗಳು ಸಾಲುಸಾಲಾಗಿ ಕಾರ್ಮಿಕರ ಲೈನ್ ಮನೆಗಳಾದವು. ಹಳೆಯ ಗಾಜಿನ ಮಾನಿಟರ್, ವಿದ್ಯುತ್ ಹಿಡಿದಿಟ್ಟುಕೊಂಡಿರಬಹುದಾದ ಪವರ್ ಸಪ್ಲೈ ಪೆಟ್ಟಿಗೆ ಮತ್ತು ಮೊಬೈಲ್ ಬ್ಯಾಟರಿಗಳನ್ನು ಮಾತ್ರ ಯಾರೂ ಮುಟ್ಟದಂತೆ ಬೇರೆಯಿರಿಸಿದ್ದೆ. ಹಳೆಯ ಬೆಸುಗೆಯಲ್ಲಿ ಸೀಸವಿರುವುದರಿಂದ, ಸೋಪಿನಲ್ಲಿ ಕೈ ತೊಳೆಯದವರಿಗೆ ಬಿಸಿಯೂಟದ ಸಾಲಿನಲ್ಲಿ ಜಾಗವಿರಲಿಲ್ಲ.

ರ್‍ಯಾಮ್ ಪಟ್ಟಿಗಳ ಅಂಚಿನ ಹಳದಿ ಹೊಳಪು ನಿಜವಾಗಿಯೂ ಚಿನ್ನದ ತೆಳುಲೇಪವೆಂದು ಹೇಳಿದ ದಿನ ತರಗತಿಯೇ ಮೇಜಿನ ಸುತ್ತ ಮುಗಿಬಿದ್ದಿತು. "ಸಾರ್, ಆಸಿಡ್‌ನಲ್ಲಿ ಹಾಕಿದರೆ ಚಿನ್ನ ಬರುತ್ತಂತೆ, ತೆಗೆಯೋಣವಾ?" ಎಂದ ಒಬ್ಬ. ಬೇಡವೆಂದರೆ ಸಾಲದು, ಕಾರಣ ಹೇಳಬೇಕಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು 2001ರಲ್ಲಿ ಮುಚ್ಚಿದ ನಮ್ಮ ಗಣಿಯಲ್ಲಿಯೂ ಅದಿರನ್ನು ಪುಡಿಮಾಡಿ ಸೈನೈಡಿನಲ್ಲಿ ಚಿನ್ನ ಕರಗಿಸುತ್ತಿದ್ದರು, ಹಾಗೆ ಉಳಿದ ಪುಡಿಯೇ ಕೆಜಿಎಫ್‌ನಲ್ಲಿ ಇಂದಿಗೂ ದಿಬ್ಬಗಳಾಗಿ ನಿಂತಿದೆ, ಆಸಿಡಿನ ಹೊಗೆಯೂ ಉಳಿಯುವ ನೀರೂ ಅಷ್ಟೇ ಅಪಾಯಕಾರಿ ಎಂದು ವಿವರಿಸಿದೆ. ಅವನ ಅಜ್ಜ ಆ ಗಣಿಯಲ್ಲೇ ದುಡಿದವರಂತೆ. ದಿಬ್ಬದ ಧೂಳಿನ ವಿಷಯ ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಆ ಪಟ್ಟಿಗಳನ್ನು ಬಂಡೆಯ ಪದರಗಳ ನಡುವೆ ಓರೆಯಾಗಿ ಇಳಿಯುವ ಅದಿರಿನ ಎಳೆಯಾಗಿ ಅವನೇ ಜೋಡಿಸಿದ.

ಬಿಸಿ ಅಂಟು ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಎರಡು ಸಲ ಭಾಗಗಳು ಉದುರಿದ ಮೇಲೆ, ಬೋರ್ಡುಗಳಲ್ಲಿ ಮೊದಲೇ ಇರುವ ಸ್ಕ್ರೂ ತೂತುಗಳಲ್ಲಿ ತಂತಿ ಪೋಣಿಸಿ ಎಲ್ಲವನ್ನೂ ಪ್ಲೈವುಡ್ಡಿಗೆ ಬಿಗಿದೆವು. ಹೀಗಾಗಿ ಮುಂದೆ ಶಾಲೆಗೆ ಈ ಚಿತ್ರ ಬೇಡವಾದಾಗ ತಂತಿ ಬಿಚ್ಚಿ, ಬೇರೆಯಿರಿಸಿದ ಬ್ಯಾಟರಿಗಳಂತೆಯೇ ಇದನ್ನೂ ನೋಂದಾಯಿತ ಮರುಬಳಕೆದಾರರಿಗೆ ಕೊಡಬಹುದು.