ಇಂಗ್ಲೆಂಡಿನ ಹಿತ್ತಲಲ್ಲಿ ಪತಂಗ ಎಣಿಸುವ ಕೆಲಸ: ನನ್ನ ಅನುಭವ

ಬ್ರಿಟನ್ನಿನಲ್ಲಿ ಚಿಟ್ಟೆಗಳು 59 ಜಾತಿ, ಪತಂಗಗಳು ಸುಮಾರು 2,500. ಇಂಗ್ಲೆಂಡಿನ ಹಳ್ಳಿಯಲ್ಲಿ ಅಂಗೈಯಗಲ ಹಿತ್ತಲಿದ್ದರೂ ಸಾಕು, ಕೀಟ ನೋಡಲು ಬೇರೆಲ್ಲಿಗೂ ಹೋಗಬೇಕಿಲ್ಲ. ರಾತ್ರಿ ದೀಪದ ಬೋನು ಇಟ್ಟರೆ ಅವೇ ಬರುತ್ತವೆ. ಬೋನು ಇಡುವುದು ಸುಲಭ. ಬೆಳಗ್ಗೆ ಅದನ್ನು ತೆರೆದು, ಒಂದು ಹುಳಕ್ಕೂ ಪೆಟ್ಟಾಗದಂತೆ ಎಣಿಸಿ ಬಿಡುವುದೇ ನಿಜವಾದ ಕೆಲಸ.

ನಾನು ಬಳಸುವುದು ಸ್ಕಿನ್ನರ್ ಬೋನು. ಪ್ಲೈವುಡ್ಡಿನ ಚೌಕ ಪೆಟ್ಟಿಗೆ, ಅದರ ಮೇಲೆ ಒಳಮುಖವಾಗಿ ಇಳಿಜಾರಿಗೆ ಕೂರಿಸಿದ ಎರಡು ಅಕ್ರಿಲಿಕ್ ಹಾಳೆ, ನಡುವೆ ಸುಮಾರು 3 ಸೆಂ.ಮೀ. ಸಂದು, ಸಂದಿನ ಮೇಲೆ ಅಡ್ಡಪಟ್ಟಿಗೆ ಸಿಕ್ಕಿಸಿದ ಬಲ್ಬು. ಬೆಳಕಿಗೆ ಬಂದ ಪತಂಗ ಹಾಳೆಗೆ ಬಡಿದು ಜಾರಿ ಒಳಗೆ ಬೀಳುತ್ತದೆ, ಹೊರಬರುವ ದಾರಿ ಅದಕ್ಕೆ ಸುಲಭದಲ್ಲಿ ಸಿಗುವುದಿಲ್ಲ. ದುಂಡಗಿನ ರಾಬಿನ್ಸನ್ ಬೋನು ಇದಕ್ಕಿಂತ ಹೆಚ್ಚು ಹುಳಗಳನ್ನು ಹಿಡಿದಿಡುತ್ತದೆ, ಬೆಲೆಯೂ ಹೆಚ್ಚು. ಸ್ಕಿನ್ನರಿನಲ್ಲಿ ಒಂದೇ ಒಂದು ಹಾಳೆ ಎತ್ತಿ ಒಳಗೆ ನೋಡಬಹುದು. ಎಣಿಸುವವರಿಗೆ ಇದು ದೊಡ್ಡ ಅನುಕೂಲ.

ಬಲ್ಬಿನ ಆಯ್ಕೆ ನೆರೆಹೊರೆಯನ್ನು ನೋಡಿ ಆಗಬೇಕು. 125 ವಾಟಿನ ಮರ್ಕ್ಯುರಿ ವೇಪರ್ ಬಲ್ಬಿಗೆ ಹುಳಗಳು ಮುತ್ತುತ್ತವೆ, ನಿಜ. ಆದರೆ ಅದಕ್ಕೆ ಪ್ರತ್ಯೇಕ ಚೋಕ್ ಬೇಕು, ವಿಪರೀತ ಕಾಯುತ್ತದೆ, ಕಾದ ಗಾಜಿಗೆ ತಣ್ಣನೆ ಮಳೆಹನಿ ಬಿದ್ದರೆ ಸೀಳುತ್ತದೆ. ಪಕ್ಕದ ಮನೆಯ ಮಲಗುವ ಕೋಣೆಗೂ ಬೆಳಕು ನುಗ್ಗುತ್ತದೆ. ಮನೆಗಳು ಒತ್ತಾಗಿರುವ ಕಡೆ ಮಂದ ನೀಲಿ-ಅತಿನೇರಳೆ ಬೆಳಕಿನ 20 ವಾಟಿನ ಆಕ್ಟಿನಿಕ್ ಬಲ್ಬೇ ಒಳ್ಳೆಯದು: ಹುಳ ಕಡಿಮೆ, ತಕರಾರೂ ಕಡಿಮೆ. ಯಾವುದೇ ಆಗಲಿ, ಅತಿನೇರಳೆ ಬೆಳಕನ್ನು ನೇರ ದಿಟ್ಟಿಸಬಾರದು. ಹೊರಗೆ ಎಳೆದ ವಿದ್ಯುತ್ ತಂತಿಗೆ ಆರ್‌ಸಿಡಿ ಪ್ಲಗ್ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವಂಥದ್ದು) ಇರಲೇಬೇಕು.

ಪೆಟ್ಟಿಗೆಯೊಳಗೆ ಮೊಟ್ಟೆಯ ರಟ್ಟಿನ ಟ್ರೇಗಳನ್ನು ಓರೆಯಾಗಿ ನಿಲ್ಲಿಸಿ. ಒಂದರ ಮೇಲೊಂದು ಮಟ್ಟಸವಾಗಿ ಪೇರಿಸಿದರೆ ಹುಳಗಳಿಗೆ ಅಡಗಲು ಜಾಗ ಸಿಗುವುದಿಲ್ಲ, ರಾತ್ರಿಯಿಡೀ ಒದ್ದಾಡಿ ರೆಕ್ಕೆಯ ಹುರುಪೆ ಉದುರಿಸಿಕೊಳ್ಳುತ್ತವೆ. ಹುರುಪೆ ಹೋದ ಪತಂಗವನ್ನು ಗುರುತಿಸುವುದು ಕಷ್ಟ. ಪೆಟ್ಟಿಗೆಯ ತಳದಲ್ಲಿ ನೀರು ಬಸಿಯುವ ತೂತುಗಳಿರಲಿ. ನೆನೆದ ಟ್ರೇಗಳನ್ನು ಎಸೆದು ಒಣಗಿದ್ದನ್ನು ಹಾಕಿ.

ಯಾವ ರಾತ್ರಿ ಇಡಬೇಕು? ಮೋಡ ಕವಿದು ಸೆಕೆಯಾಗಿ, ಗಾಳಿ ನಿಂತು, ತಿಂಗಳ ಬೆಳಕಿಲ್ಲದ ರಾತ್ರಿ ಎಲ್ಲಕ್ಕಿಂತ ಮೇಲು. ಆಕಾಶ ತಿಳಿಯಾಗಿ ಹುಣ್ಣಿಮೆ ಇದ್ದು ಚಳಿ ಬಿದ್ದರೆ ಟ್ರೇಗಳು ಬರಿದಾಗಿರುತ್ತವೆ. ಆದರೆ ಚೆನ್ನಾಗಿರುವ ರಾತ್ರಿಗಳನ್ನಷ್ಟೇ ಆರಿಸಿಕೊಂಡರೆ ಒಂದು ವರ್ಷದ ಲೆಕ್ಕವನ್ನು ಇನ್ನೊಂದು ವರ್ಷದ ಜೊತೆ ಹೋಲಿಸಲಾಗದು. ಹಿತ್ತಲ ಪತಂಗಗಳನ್ನು (ಇಂಗ್ಲಿಷಿನಲ್ಲಿ ‘ಮಾತ್’) ಎಣಿಸುವ ಗಾರ್ಡನ್ ಮಾತ್ ಸ್ಕೀಮ್ ಎಂಬ ಯೋಜನೆಯವರು ಮಾರ್ಚಿನಿಂದ ನವೆಂಬರ್ ಮೊದಲವರೆಗೆ ವಾರಕ್ಕೊಂದು ರಾತ್ರಿ, ಅದೇ ಜಾಗ, ಅದೇ ಬಲ್ಬು ಎನ್ನುವುದು ಇದಕ್ಕೇ. ವಾರಕ್ಕೊಮ್ಮೆ ಎಂಬುದಕ್ಕೆ ಇನ್ನೂ ಒಂದು ಕಾರಣವಿದೆ. ದಿನವೂ ದೀಪ ಹಚ್ಚಿದರೆ ಬಿಟ್ಟ ಹುಳಗಳೇ ಮತ್ತೆ ಬಂದು ಬೀಳುತ್ತವೆ. ಹೂವಿನ ಮೇಲೆ, ಜೋಡಿ ಹುಡುಕುತ್ತ ಕಳೆಯಬೇಕಾದ ರಾತ್ರಿಯನ್ನು ಅವು ಪೆಟ್ಟಿಗೆಯಲ್ಲಿ ಕಳೆಯುತ್ತವೆ.

ಜೂನಿನಲ್ಲಿ ಕತ್ತಲಾಗುವಾಗ ರಾತ್ರಿ ಹತ್ತು ದಾಟಿರುತ್ತದೆ, ಐದಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ. ನೀವು ಏಳುವುದು ತಡವಾದರೆ ರಾಬಿನ್ ಹಕ್ಕಿ ತಡಮಾಡುವುದಿಲ್ಲ. ಬೋನಿನ ಸುತ್ತ ಹುಳ ಸಿಗುತ್ತದೆಂದು ಒಮ್ಮೆ ಕಲಿತರೆ ಅದು ನಿತ್ಯ ಹಾಜರು. ಮೊದಲ ಬೆಳಕಿಗೇ ಎದ್ದು ದೀಪ ಆರಿಸಿ, ಸಂದಿನ ಮೇಲೊಂದು ಬಟ್ಟೆ ಹೊದಿಸಿ. ಪೆಟ್ಟಿಗೆ ಮುಟ್ಟುವ ಮೊದಲು ಸುತ್ತಲಿನ ಗೋಡೆ, ಹುಲ್ಲು, ಬೇಲಿ ನೋಡಿ. ಎಷ್ಟೋ ಪತಂಗಗಳು ಒಳಗೆ ಹೋಗದೆ ಹೊರಗೇ ಕೂತಿರುತ್ತವೆ, ಕಾಲಿಗೆ ಸಿಕ್ಕಿಬಿಡುತ್ತವೆ.

ಟ್ರೇಗಳನ್ನು ಒಂದೊಂದಾಗಿ, ಅಲುಗಿಸದೆ, ನೆರಳಿನಲ್ಲಿ ಎತ್ತಬೇಕು. ಬಿಸಿಲು ತಾಗಿದರೆ ಹುಳಗಳು ಮೈ ಕಾಯಿಸಿಕೊಂಡು ಹಾರುತ್ತವೆ. ಆಗಸ್ಟಿನಲ್ಲಿ ಲಾರ್ಜ್ ಯೆಲ್ಲೋ ಅಂಡರ್‌ವಿಂಗ್ ಎಂಬ ಪತಂಗ ಒಂದೇ ರಾತ್ರಿ ನೂರಕ್ಕೂ ಹೆಚ್ಚು ಬೀಳುವುದುಂಟು. ಕಂದು ಮುಂರೆಕ್ಕೆ, ಕೆಳಗೆ ಕಪ್ಪು ಅಂಚಿನ ಹಳದಿ ಹಿಂರೆಕ್ಕೆ. ಇವು ದಡಬಡಿಸಿ ಉಳಿದವನ್ನೆಲ್ಲ ಎಬ್ಬಿಸುತ್ತವೆ, ಹಾಗಾಗಿ ಇವನ್ನು ಮೊದಲು ಎಣಿಸಿ ಆಚೆ ಬಿಡುತ್ತೇನೆ. ಮೇ ತಿಂಗಳಲ್ಲಿ ಕಾಕ್‌ಚೇಫರ್ ಎಂಬ ದಪ್ಪ ಜೀರುಂಡೆಗಳು ಇದೇ ಕಾಟ ಕೊಡುತ್ತವೆ. ಬೇಸಿಗೆಯ ಕೊನೆಗೆ ದಕ್ಷಿಣದಲ್ಲಿ ಹಾರ್ನೆಟ್ ಕಣಜಗಳೂ ಒಳಗಿರಬಹುದು. ಮುಂಜಾನೆಯ ತಂಪಿಗೆ ಅವು ಮಂದವಾಗಿರುತ್ತವೆ. ಆ ಟ್ರೇಯನ್ನು ಹಾಗೆಯೇ ದೂರ ಒಯ್ದಿಟ್ಟು ಉಳಿದದ್ದನ್ನು ನೋಡಿ.

ಗುರುತು ಸಿಗದವನ್ನು ಪಾರದರ್ಶಕ ಡಬ್ಬಿಗೆ ಹಾಕಿ, ಡಬ್ಬಿಗೊಂದೇ ಹುಳದಂತೆ, ಕೆಲವು ಗಂಟೆ ಫ್ರಿಜ್ಜಿನಲ್ಲಿ ಇಟ್ಟರೆ ಅಲುಗದೆ ಕೂರುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ. ಕೆಲವನ್ನು ಫೋಟೊದಿಂದಲೂ ಬೇರ್ಪಡಿಸಲಾಗದು: ಗ್ರೇ ಡ್ಯಾಗರ್ ಮತ್ತು ಡಾರ್ಕ್ ಡ್ಯಾಗರ್, ಕಾಮನ್ ರಸ್ಟಿಕ್‌ನ ಗುಂಪು, ನವೆಂಬರ್ ಮಾತ್‌ಗಳು. ಇಲ್ಲಿ ಊಹಿಸಿ ಜಾತಿಯ ಹೆಸರು ಬರೆಯುವುದಕ್ಕಿಂತ ಗುಂಪಿನ ಹೆಸರು ಬರೆಯುವುದೇ ಪ್ರಾಮಾಣಿಕ ಲೆಕ್ಕ.

ಬಿಡುವಾಗ ಪೊದೆಯ ಒಳಗೆ, ಹಕ್ಕಿಯ ಕಣ್ಣಿಗೆ ಬೀಳದ ಕಡೆ ಟ್ರೇಯನ್ನು ಮೆಲ್ಲಗೆ ತಟ್ಟಿ. ಜಾಗವನ್ನು ಪ್ರತಿ ಸಲ ಬದಲಿಸಿ.

ದೀಪಕ್ಕೆ ಅಷ್ಟಾಗಿ ಬರದ ಓಲ್ಡ್ ಲೇಡಿ, ರೆಡ್ ಅಂಡರ್‌ವಿಂಗ್‌ನಂಥ ಪತಂಗಗಳಿಗೆ ಸಿಹಿ ಬಳಿಯಬೇಕು. ಒಂದು ಕೆ.ಜಿ. ಕಂದು ಸಕ್ಕರೆ, 454 ಗ್ರಾಮಿನ ಒಂದು ಡಬ್ಬಿ ಕಪ್ಪು ಟ್ರೀಕಲ್ (ನೋಡಲು ನಮ್ಮ ಜೋನಿಬೆಲ್ಲದಂತೆಯೇ), ಅರ್ಧ ಲೀಟರ್ ಬ್ರೌನ್ ಏಲ್ ಬಿಯರ್. ಸಣ್ಣ ಉರಿಯಲ್ಲಿ ಕರಗಿಸಿ, ಆರಿದ ಮೇಲೆ ಸ್ವಲ್ಪ ರಮ್ ಸೇರಿಸಿ. ಮುಸ್ಸಂಜೆಗೆ ಮರದ ಕಾಂಡದ ಮೇಲೆ ಕಣ್ಣೆತ್ತರಕ್ಕೆ ಬಳಿದು, ಕತ್ತಲಾದ ಮೇಲೆ ಮಂದ ಟಾರ್ಚಿನಲ್ಲಿ ನೋಡಿ.

ಆಗಸ್ಟಿನಿಂದ ಅಕ್ಟೋಬರಿನವರೆಗೆ ನಾನು ಕಾಯುವುದು ಕಾನ್ವಾಲ್ವುಲಸ್ ಹಾಕ್‌ಮಾತ್ ಎಂಬ ಪತಂಗಕ್ಕೆ. ಕರ್ನಾಟಕದ ಗೆಣಸಿನ ಹೊಲಗಳಲ್ಲಿ ಎಲೆ ಮೇಯುವ ಕೊಂಬಿನ ದಪ್ಪ ಮರಿಹುಳದ್ದೂ ಇದೇ ಜಾತಿ. ಇಂಗ್ಲೆಂಡಿಗೆ ಅದು ದಕ್ಷಿಣದಿಂದ ವಲಸೆ ಬರುತ್ತದೆ. ಉದ್ದ ಕೊಳವೆಯ ಬಿಳಿ ನಿಕೋಟಿಯಾನಾ ಹೂಗಿಡ ನೆಟ್ಟರೆ ಸಂಜೆ ಮಕರಂದಕ್ಕೆ ಬರುವ ಸಾಧ್ಯತೆ ಹೆಚ್ಚು.

ಆದರೂ ಅಪರೂಪದ್ದಕ್ಕಿಂತ ಸಾಮಾನ್ಯದ್ದರ ಎಣಿಕೆಯೇ ಹೆಚ್ಚು ಬೆಲೆಯುಳ್ಳದ್ದು. 1968ರಿಂದ 2017ರ ನಡುವೆ ಬ್ರಿಟನ್ನಿನ ದೊಡ್ಡ ಪತಂಗಗಳ ಸಂಖ್ಯೆ 33% ಕುಸಿದಿದೆ, ದಕ್ಷಿಣದಲ್ಲಿ 39%. ಇದು ಗೊತ್ತಾದದ್ದು ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಸಂಸ್ಥೆಯ ಬೋನುಗಳಲ್ಲಿ ಬಿದ್ದದ್ದನ್ನೆಲ್ಲ ದಶಕಗಟ್ಟಲೆ ಎಣಿಸಿದವರಿಂದ. ಏರಿಕೆಯೂ ಇದೇ ರೀತಿ ಗೊತ್ತಾಗುತ್ತದೆ: ಪೂರ್ವ ಏಷ್ಯಾದ ಬಾಕ್ಸ್‌ಟ್ರೀ ಪತಂಗ 2007ರಲ್ಲಿ ಕೆಂಟ್‌ನಲ್ಲಿ ಮೊದಲು ಕಂಡಿತು, ಈಗ ಆಗ್ನೇಯದ ಹಿತ್ತಲುಗಳಲ್ಲಿ ಮಾಮೂಲು.

ದಾಖಲೆಯಲ್ಲಿ ಜಾತಿ, ಸಂಖ್ಯೆ, ಆರಂಕಿಯ ಗ್ರಿಡ್ ರೆಫರೆನ್ಸ್ (ನಕ್ಷೆಯಲ್ಲಿ ಜಾಗ ಗುರುತಿಸುವ ಸಂಖ್ಯೆ), ನೋಡಿದವರ ಹೆಸರು, ಬೋನಿನ ಮತ್ತು ಬಲ್ಬಿನ ವಿವರ ಇರಬೇಕು. ತಾರೀಖು ದೀಪ ಹಚ್ಚಿದ ಸಂಜೆಯದು, ಎಣಿಸಿದ ಬೆಳಗಿನದಲ್ಲ. ಒಂದೂ ಹುಳ ಬೀಳದ ರಾತ್ರಿಗೆ ಸೊನ್ನೆ ಬರೆಯಿರಿ, ಸಾಲನ್ನು ಖಾಲಿ ಬಿಡಬೇಡಿ. ವರ್ಷ ಮುಗಿದ ಮೇಲೆ ಈ ಪಟ್ಟಿ ನಿಮ್ಮ ಕೌಂಟಿಯ ಮಾತ್ ರೆಕಾರ್ಡರ್‌ಗೆ, ಅಂದರೆ ಆ ಜಿಲ್ಲೆಯ ಪತಂಗ ದಾಖಲೆಗಳನ್ನು ಪರಿಶೀಲಿಸುವವರಿಗೆ, ಹೋಗಬೇಕು. ಸಂಶಯವಿರುವ ಹುಳಗಳ ಫೋಟೊಗಳನ್ನು ಅವರು ಕೇಳುತ್ತಾರೆ, ಅಲ್ಲಿಯವರೆಗೆ ಅಳಿಸದೆ ಇಟ್ಟುಕೊಳ್ಳಿ.