ಕಟ್ಟಿಸಿದ ಹಲ್ಲಿನಲ್ಲಿ ಅಗಿಯುವುದನ್ನು ಕಲಿಯುವುದು ಹೇಗೆ?

ಬಾಯಿಗೆ ಪೂರ್ತಿ ಹಲ್ಲಿನ ಸೆಟ್ಟು ಹಾಕಿಸಿಕೊಂಡವರಲ್ಲಿ ಹಲವರು ಮೊದಲ ವಾರದಲ್ಲೇ ಅದು ಸರಿಯಾಗಿ ಕೂತಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಅಳತೆ ಸರಿಯಾಗಿದ್ದರೂ ಅಗಿಯಲು ತೊಡಕಾಗುವುದುಂಟು. ಸಹಜ ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳುವಾದ ನಾರಿನ ಪದರವಿದ್ದು, ಎಷ್ಟು ಒತ್ತಡ ಬಿತ್ತು, ಯಾವ ಕಡೆಯಿಂದ ಬಿತ್ತು ಎಂಬುದನ್ನು ಅದರೊಳಗಿನ ನರಗಳು ಮಿದುಳಿಗೆ ತಿಳಿಸುತ್ತಿರುತ್ತವೆ. ಹಲ್ಲು ಹೋದಾಗ ಆ ಪದರವೂ ಹೋಗುತ್ತದೆ. ಭಾರವೆಲ್ಲ ವಸಡಿನ ಮೇಲೆ ಬೀಳುತ್ತದೆ. ಹಾಗಾಗಿ ಪೂರ್ತಿ ಹಲ್ಲಿನ ಸೆಟ್ಟಿನಲ್ಲಿ ಕಚ್ಚುವ ಬಲ ಸಹಜ ಹಲ್ಲಿನದರ ಸುಮಾರು ನಾಲ್ಕನೇ ಒಂದು ಭಾಗಕ್ಕೆ, ಎಷ್ಟೋ ಜನರಲ್ಲಿ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಇದಕ್ಕೆ ನಾಲಿಗೆ, ಕೆನ್ನೆ ಮತ್ತು ದವಡೆಯ ಸ್ನಾಯುಗಳು ಹೊಂದಿಕೊಳ್ಳಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕಾಗುತ್ತದೆ.

ಮೊದಲ ಕೆಲವು ದಿನ ಮೆತ್ತಗಿನ ಆಹಾರವನ್ನೇ ತಿನ್ನಬೇಕು. ಬಾಯಲ್ಲಿ ಹೊಸ ವಸ್ತುವಿರುವುದರಿಂದ ಜೊಲ್ಲು ಹೆಚ್ಚು ಸುರಿಯುತ್ತದೆ. ಕೆಲವು ದಿನಗಳಲ್ಲಿ ತಾನಾಗಿ ಹತೋಟಿಗೆ ಬರುತ್ತದೆ. ಮಾತು ತೊದಲುವುದಾದರೆ ದಿನವೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿ.

ನಂತರದ ಹಂತ ಅಗಿಯುವ ಕ್ರಮದ್ದು. ತುತ್ತನ್ನು ಚಿಕ್ಕದಾಗಿ ಮಾಡಿ, ಎರಡು ಪಾಲಾಗಿಸಿ, ಎಡ ಬಲ ಎರಡೂ ಬದಿಯ ಹಿಂದಿನ ಹಲ್ಲುಗಳ ಮೇಲೆ ಇಟ್ಟುಕೊಂಡು ಒಟ್ಟಿಗೇ ಅಗಿಯಬೇಕು. ಒಂದೇ ಬದಿಯಲ್ಲಿ ಅಗಿದರೆ ಆ ಬದಿ ಕೆಳಗೆ ಒತ್ತಿಕೊಂಡು ಇನ್ನೊಂದು ಬದಿ ಮೇಲೇಳುತ್ತದೆ. ವಸಡಿಗೂ ಸೆಟ್ಟಿಗೂ ನಡುವೆ ಗಾಳಿ ಹೊಕ್ಕು ಹಿಡಿತ ತಪ್ಪುತ್ತದೆ. ಮುಂದಿನ ಹಲ್ಲಿನಿಂದ ಕಚ್ಚಿ ಎಳೆದರೂ ಅದೇ ತೊಂದರೆ. ಕಚ್ಚಲೇಬೇಕಾದಾಗ ಕೋರೆಹಲ್ಲಿನ ಜಾಗದಲ್ಲಿ ಕಚ್ಚಿ, ಆಹಾರವನ್ನು ಹೊರಕ್ಕೆ ಎಳೆಯದೆ ಒಳಕ್ಕೆ ಒತ್ತಬೇಕು. ದವಡೆಯನ್ನು ಅಡ್ಡಡ್ಡ ಅರೆಯುವಂತೆ ಆಡಿಸುವುದಕ್ಕಿಂತ ಮೇಲೆ ಕೆಳಗೆ ನೇರವಾಗಿ ಆಡಿಸುವುದು ಆರಂಭದಲ್ಲಿ ಸುಲಭ.

ದೂರು ಬರುವುದು ಹೆಚ್ಚಾಗಿ ಕೆಳಗಿನ ಸೆಟ್ಟಿನ ಮೇಲೆಯೇ, ಅದರಲ್ಲಿ ನ್ಯಾಯವೂ ಇದೆ. ಮೇಲಿನದು ಅಂಗುಳವನ್ನೆಲ್ಲ ಆವರಿಸಿ, ಲಾಲಾರಸದ ತೆಳು ಪದರದ ನೆರವಿನಿಂದ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೆಳಗಿನದು ಲಾಳದ ಆಕಾರದ್ದು. ಕೂರಲು ಜಾಗ ಕಡಿಮೆ, ನಡುವೆ ಸದಾ ಓಡಾಡುವ ನಾಲಿಗೆ ಬೇರೆ. ಬಾಯಿ ತೆರೆದಾಗ ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಂಡರೆ ಅದು ಎದ್ದುಬಿಡುತ್ತದೆ. ನಾಲಿಗೆಯ ತುದಿ ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯನ್ನು ಮೃದುವಾಗಿ ತಾಕಿರುವಂತೆ ಅಭ್ಯಾಸ ಮಾಡಿಕೊಳ್ಳುವುದು ದೊಡ್ಡ ಉಪಾಯ.

ಎಲ್ಲಾದರೂ ಒತ್ತಿ ಹುಣ್ಣಾದರೆ ಸಹಿಸಿಕೊಂಡು ಕೂರಬಾರದು. ಸೆಟ್ಟನ್ನು ತೆಗೆದು ವಸಡಿಗೆ ವಿಶ್ರಾಂತಿ ಕೊಡಿ. ಆದರೆ ವೈದ್ಯರ ಬಳಿ ಹೋಗುವ ಮುನ್ನ ಕೆಲವು ಗಂಟೆ ಹಾಕಿಕೊಂಡಿರಿ, ಆಗಲೇ ಒತ್ತುವ ಜಾಗದ ಗುರುತು ಅವರಿಗೆ ಕಾಣುವುದು. ಮನೆಯಲ್ಲೇ ಅರದಿಂದ ಉಜ್ಜಿಕೊಳ್ಳುವ ಸಾಹಸ ಬೇಡ. ಸರಿಪಡಿಸಿದ ಮೇಲೂ ಎರಡು ವಾರದೊಳಗೆ ಮಾಯದ ಹುಣ್ಣನ್ನು ತಪ್ಪದೆ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಬಾಯಿಯ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು.

ಇನ್ನು ದವಡೆಯ ವಿಷಯ. ಸುಮ್ಮನಿರುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಅಂತರವಿರಬೇಕು. ಸೆಟ್ಟಿನ ಎತ್ತರ ಹೆಚ್ಚಾದರೆ ಈ ಅಂತರ ಉಳಿಯುವುದಿಲ್ಲ. ಮಾತನಾಡುವಾಗ ಹಲ್ಲುಗಳು ಟಕಟಕ ಎನ್ನುತ್ತವೆ, ಸಂಜೆಯ ಹೊತ್ತಿಗೆ ಕೆನ್ನೆಯ ಸ್ನಾಯುಗಳು ದಣಿದು ನೋಯುತ್ತವೆ. ಎತ್ತರ ಕಡಿಮೆಯಾದರೆ ಗದ್ದ ಮೂಗಿನತ್ತ ಸರಿದಂತೆ ಕಂಡು, ತುಟಿಯ ಮೂಲೆಗಳು ಒದ್ದೆಯಾಗಿ ಬಿರಿಯುತ್ತವೆ. ಇವೆರಡೂ ಅಭ್ಯಾಸದಿಂದ ಹೋಗುವಂಥವಲ್ಲ, ಸೆಟ್ಟನ್ನೇ ತಿದ್ದಿಸಬೇಕು.

ದವಡೆಯ ಕೀಲು ಕಿವಿಯ ಮುಂದೆಯೇ ಇದೆ. ಬೆರಳಿಟ್ಟು ಬಾಯಿ ತೆರೆದರೆ ಅದರ ಚಲನೆ ತಿಳಿಯುತ್ತದೆ. ನೋವಿಲ್ಲದೆ ಬರೀ ಲಟಕ್ಕೆಂಬ ಸದ್ದು ಬಂದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಹಲವು ವಯಸ್ಕರ ಬಾಯಿ 40 ಮಿಲಿಮೀಟರಿಗಿಂತ ಹೆಚ್ಚು, ಅಂದರೆ ಅವರದೇ ಮೂರು ಬೆರಳು ಹಿಡಿಯುವಷ್ಟು ತೆರೆಯುತ್ತದೆ. ಅಷ್ಟು ತೆರೆಯಲಾಗದಿದ್ದರೆ, ದವಡೆ ಸಿಕ್ಕಿಕೊಂಡರೆ ಅಥವಾ ಅಗಿಯುವಾಗ ನೋವಾದರೆ ತೋರಿಸಬೇಕು. ಬಹುಪಾಲು ಕೀಲುನೋವು ಸರಳ ಆರೈಕೆಗೇ ಬಗ್ಗುತ್ತದೆ: ಕೆಲವು ದಿನ ಮೆತ್ತಗಿನ ಊಟ, ಬಿಸಿ ಶಾಖ, ಬಾಯಿ ಅಗಲಿಸಿ ಆಕಳಿಸದಿರುವುದು, ತುಟಿ ಮುಚ್ಚಿದ್ದರೂ ಹಲ್ಲು ಹಲ್ಲಿಗೆ ತಾಗದಂತೆ ದವಡೆಯನ್ನು ಸಡಿಲವಾಗಿ ಇಟ್ಟುಕೊಳ್ಳುವುದು. ಉಳಿದಿರುವ ಸಹಜ ಹಲ್ಲುಗಳನ್ನು ಉಜ್ಜಿ ಸವೆಸುವಂಥ, ಹಿಂದಿರುಗಿಸಲಾಗದ ಚಿಕಿತ್ಸೆಗೆ ಆತುರದಿಂದ ಒಪ್ಪಿಕೊಳ್ಳದಿರುವುದು ಲೇಸು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯುವಂತಿಲ್ಲ. 50 ವರ್ಷ ದಾಟಿದವರಿಗೆ ಅಗಿಯತೊಡಗಿದಾಗ ದವಡೆ ನೊಂದು, ನಿಲ್ಲಿಸಿದೊಡನೆ ಕಡಿಮೆಯಾಗುತ್ತಿದ್ದು, ಜೊತೆಗೆ ಹೊಸದಾಗಿ ಕಣತಲೆಯ ನೋವು ಅಥವಾ ದೃಷ್ಟಿ ಮಸುಕಾಗುವುದು ಕಂಡರೆ ಅದು ಹಲ್ಲಿನ ಸಮಸ್ಯೆಯಾಗಿರದೆ ರಕ್ತನಾಳದ ಉರಿಯೂತವಾಗಿರಬಹುದು. ತಡಮಾಡಿದರೆ ಕಣ್ಣು ಹೋಗುವ ಅಪಾಯವಿರುವುದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ರಾತ್ರಿ ಸೆಟ್ಟನ್ನು ತೆಗೆದು, ಮೃದುವಾದ ಬ್ರಷ್‌ನಿಂದ ಸೋಪು ನೀರಿನಲ್ಲಿ ತೊಳೆದು, ತಣ್ಣನೆಯ ನೀರಿನಲ್ಲಿಡಿ. ಕುದಿಯುವ ನೀರು ತಾಗಿದರೆ ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಟೂತ್‌ಪೇಸ್ಟ್ ಅದನ್ನು ಗೀರುತ್ತದೆ. ಹಗಲು ರಾತ್ರಿ ಹಾಕಿಕೊಂಡೇ ಇದ್ದರೆ ಅಡಿಯ ವಸಡಿನಲ್ಲಿ ಶಿಲೀಂಧ್ರ ಬೆಳೆದು ಕೆಂಪಾಗುತ್ತದೆ.

ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಕರಗುತ್ತಾ ಹೋಗುತ್ತದೆ, ಮೊದಲ ವರ್ಷದಲ್ಲಂತೂ ವೇಗವಾಗಿ, ಮೇಲಿನದಕ್ಕಿಂತ ಕೆಳದವಡೆಯಲ್ಲಿ ಹೆಚ್ಚಾಗಿ. ಆದ್ದರಿಂದ ಒಮ್ಮೆ ಚೆನ್ನಾಗಿ ಕೂತಿದ್ದ ಸೆಟ್ಟು ಕಾಲಕ್ರಮೇಣ ಸಡಿಲವಾಗುವುದು ಸಹಜ. ಅಂಟು ಬಳಸುವುದರಲ್ಲಿ ತಪ್ಪೇನಿಲ್ಲ, ಆದರೆ ದಿನಕಳೆದಂತೆ ಹೆಚ್ಚು ಹೆಚ್ಚು ಅಂಟು ಬೇಕಾಗುತ್ತಿದ್ದರೆ ಒಳಮೈಗೆ ಹೊಸ ಪದರ ಹಾಕಿಸುವ ಕಾಲ ಬಂದಿದೆ ಎಂದೇ ಅರ್ಥ. ಅದಕ್ಕೂ ನಿಲ್ಲದ ಕೆಳಸೆಟ್ಟಿಗೆ, ಮೂಳೆಯಲ್ಲಿ ಎರಡು ಇಂಪ್ಲಾಂಟ್ (ತಿರುಪಿನಂಥ ಕೃತಕ ಬೇರು) ಕೂರಿಸಿ ಅವುಗಳಿಗೆ ಸಿಕ್ಕಿಸುವ ವಿಧಾನವಿದೆ; 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಎಂಬ ಒಮ್ಮತಕ್ಕೆ ಬಂದಿದ್ದರು.