ಗೊಬ್ಬರ ತೋಟದಲ್ಲೇ ಉಳಿಯಲಿ ಅಂತ ಮಾಡಿದ್ದು

ಭಟ್ಕಳ ತಾಲ್ಲೂಕಿನಲ್ಲಿ ನಮ್ಮದು ಒಂದೆಕರೆ ಅಡಿಕೆ ತೋಟ. ಕೆಳಗೆ ಹಳ್ಳ. ಅದು ವೆಂಕಟಾಪುರ ಹೊಳೆ ಸೇರಿ ಅಳ್ವೆಕೋಡಿ ಹತ್ತಿರ ಸಮುದ್ರಕ್ಕೆ ಹೋಗುತ್ತದೆ.

ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಮದ್ದು ಹೊಡೆದ ಮೇಲೆ ಬ್ಯಾರಲ್ಲನ್ನು ಹಳ್ಳದಲ್ಲೇ ತೊಳೆಯುವುದು ಅಪ್ಪನ ಕಾಲದಿಂದ ಬಂದ ರೂಢಿ. ಒಂದು ವರ್ಷ ತಳದಲ್ಲಿ ನಾಲ್ಕೈದು ಲೀಟರ್ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣ ಕಲಸಿದ ಆ ಮದ್ದು, ಉಳಿದಿತ್ತು, ಸುಮ್ನೆ ಚೆಲ್ಲಿಬಿಟ್ಟೆ. ನೀರು ನೀಲಿಯಾಯಿತು. ಸ್ವಲ್ಪ ಹೊತ್ತಿಗೆ ಕಿರುಬೆರಳಿನಷ್ಟು ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಮೈಲುತುತ್ತ ಅಂದರೆ ತಾಮ್ರ ಅಲ್ವಾ? ಅಂದಿನಿಂದ ಬ್ಯಾರಲ್ ತೊಳೆದ ನೀರನ್ನೂ ಮರಕ್ಕೇ ಹೊಡೆಯುತ್ತೇವೆ. ಕಲಸುವಾಗ ಅಳತೆ ತಪ್ಪಿಸುವುದಿಲ್ಲ: ನೂರು ಲೀಟರ್ ನೀರಿಗೆ ಒಂದು ಕೆ.ಜಿ. ತುತ್ತ, ಒಂದು ಕೆ.ಜಿ. ಸುಣ್ಣ. ಕತ್ತಿಯ ತುದಿ ಅದ್ದಿ ನೋಡುತ್ತೇನೆ. ಕೆಂಪಡರಿದರೆ ತಾಮ್ರ ಜಾಸ್ತಿ ಉಳಿದಿದೆ ಅಂತ, ಇನ್ನಷ್ಟು ಸುಣ್ಣ ಬೇಕು.

ಇದೇ ಸಮುದ್ರದಲ್ಲಿ, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಹವಳಕ್ಕೆ ತಿಳಿನೀರು, ಬಿಸಿಲು ಬೇಕು. ಕೆಸರು ಬಂದರೆ ಬಿಸಿಲು ತಪ್ಪುತ್ತದೆ, ಗೊಬ್ಬರದ ಸಾರ ಬಂದರೆ ಪಾಚಿ ಮುಚ್ಚುತ್ತದೆ. ನನ್ನ ಒಂದೆಕರೆಯಿಂದ ನೇತ್ರಾಣಿ ಹಾಳಾಗದು, ನಿಜ. ಆದರೆ ಹಳ್ಳದ ಎರಡೂ ದಂಡೆಗೆ ತೋಟಗಳೇ.

ಇಷ್ಟಾದರೂ ಗೊಬ್ಬರದ ವಿಷಯದಲ್ಲಿ ನಾನು ಬದಲಾಗಿದ್ದು ದುಡ್ಡಿನ ಲೆಕ್ಕ ಹಾಕಿದ ಮೇಲೆಯೇ. ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, ಅಂದರೆ ಸುಮಾರು 220 ಗ್ರಾಂ ಯೂರಿಯಾ. ನಮ್ಮ 550 ಮರಕ್ಕೆ 120 ಕೆ.ಜಿ. ಅಷ್ಟನ್ನೂ ಜೂನ್ ಮೊದಲ ವಾರ ಒಂದೇ ಸಲ ಎರಚುತ್ತಿದ್ದೆ, ಮಳೆಗೆ ಕರಗಲಿ ಅಂತ. ಕರಗುತ್ತಿತ್ತು, ಹಳ್ಳಕ್ಕೆ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಹೇಳಿದ್ದ: "ಹೆಗ್ಡೇರೆ, ಇದು ಸಮುದ್ರಕ್ಕೆ ಗೊಬ್ಬರ ಹಾಕ್ದಂಗೆ." ನಾನು ನಕ್ಕಿದ್ದೆ.

ಈಗ ಅರ್ಧ ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ, ಅರ್ಧ ಸೆಪ್ಟೆಂಬರ್ ಕೊನೆಗೆ. ಬುಡದಿಂದ ಎರಡೂವರೆ ಅಡಿ ಬಿಟ್ಟು ಸುತ್ತ ಹಾಕಿ, ಮಣ್ಣೆಳೆದು, ಸೊಪ್ಪು ಮುಚ್ಚುತ್ತೇವೆ. ಮಳೆಗಾಲಕ್ಕೆ ಮುಂಚೆ ಕಳೆ ಕೆತ್ತುವುದನ್ನೂ ಬಿಟ್ಟೆ. ಹುಲ್ಲನ್ನು ಗೇಣುದ್ದ ಉಳಿಸಿ ಸವರಿದರೆ ಮಣ್ಣು ಕದಲುವುದಿಲ್ಲ.

ತಲೆನೋವಾಗಿದ್ದು ಬಸಿಗಾಲುವೆ. ನೀರು ನಿಂತರೆ ಅಡಿಕೆ ಬೇರು ಕೊಳೆಯುತ್ತದೆ, ಹರಿಯಬಿಟ್ಟರೆ ಮಣ್ಣೇ ಹೋಗುತ್ತದೆ. ಮೊದಲ ವರ್ಷ ಕಾಲುವೆಗೆ ಕಲ್ಲಿನ ಕಟ್ಟ ಹಾಕಿ ಕೆಳಗಿನ ಎರಡು ಸಾಲು ಮರ ಹಳದಿಯಾದವು. ಕಟ್ಟ ಕಿತ್ತೆ. ಕಾಲುವೆ ಹಳ್ಳ ಸೇರುವ ಮುಂಚೆ ಆರಡಿ ಉದ್ದ, ಮೂರಡಿ ಆಳದ ಗುಂಡಿ ತೋಡಿಸಿದೆ. ನೀರು ಅಲ್ಲಿ ತಂಗಿ, ಕೆಸರು ಇಳಿಸಿ, ಮೇಲಿನಿಂದ ತುಳುಕಿ ಹೋಗುತ್ತದೆ. ತುಳುಕುವ ಕಡೆ ಲಾವಂಚದ ಎರಡು ಸಾಲು. ಕರಗಿದ ಯೂರಿಯಾವನ್ನು ಗುಂಡಿ ಹಿಡಿಯಲಾರದು, ಅದಕ್ಕೇ ಹಾಕುವ ಹೊತ್ತು ಮುಖ್ಯ.

ಹೋದ ಅಕ್ಟೋಬರ್‌ನಲ್ಲಿ ಗುಂಡಿಯಿಂದ 40 ಬುಟ್ಟಿ ಕಪ್ಪು ಕೆಸರು ತೆಗೆದೆವು. ಎಲ್ಲ ಮರದ ಬುಡಕ್ಕೇ ಹೋಯಿತು. ಅದೇ ವಾರ ಕೆಳಗಿನ ಗದ್ದೆಯವರು ಸಿಕ್ಕಿ ಬೈದರು: "ಎಂಥ ಮಾಡಿದ್ದು ಮಾರಾಯಾ? ನಿನ್ ತೋಟದ ನೀರು ಬಂದ್ರೆ ಗದ್ದೆಗೆ ಗೊಬ್ಬರವೇ ಬೇಡಾಗಿತ್ತು. ಈ ವರ್ಷ ಒಂದು ಮೂಟೆ ತರಬೇಕಾಯ್ತು!"